ಒಂದು ಜೋಡಿಗೆ ಎಷ್ಟು ಕೈ?

ಕೊಲ್ಹಾಪುರಿ ಚಪ್ಪಲಿ ಒಬ್ಬರ ಕೈಯಲ್ಲಿ ಹುಟ್ಟುವುದಿಲ್ಲ. ಜಾಲಿ ತೊಗಟೆ, ಅಳಲೆಕಾಯಿಯ ನೀರಿನಲ್ಲಿ ಹದವಾದ ಎಮ್ಮೆ ತೊಗಲು ಬೆಳಗಾವಿ ಜಿಲ್ಲೆಯ ಅಥಣಿಯ ಸಮಗಾರರ ಮನೆಯೊಂದಕ್ಕೆ ಬಂತೆಂದರೆ, ರಂಪಿಗೆ ಹಿಡಿದು ಅಟ್ಟೆ ಕತ್ತರಿಸಲು ಒಬ್ಬರು, ಪದರ ಕೂಡಿಸಿ ತೊಗಲಿನ ಎಳೆಯಿಂದಲೇ ಹೊಲಿಯಲು ಇನ್ನೊಬ್ಬರು, ಮೇಲಿನ ಪಟ್ಟಿಗೆ ಆಡಿನ ಚರ್ಮದ ಸಣ್ಣ ಎಳೆಗಳನ್ನು ಜಡೆಯಂತೆ ಹೆಣೆಯಲು ಮತ್ತೊಬ್ಬರು ಬೇಕು. ಸಾಂಪ್ರದಾಯಿಕ ಪದ್ಧತಿಯಲ್ಲಿ ಮೊಳೆ ಬಳಸುವುದಿಲ್ಲ. ಎಲ್ಲ ಬಿಗಿಯೂ ಹೊಲಿಗೆಯದ್ದೇ. ನಡುವೆ ಒಂದು ಕೈ ಅವಸರ ಮಾಡಿದರೂ ಇಡೀ ಜೋಡಿ ಕೆಡುತ್ತದೆ.

ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಕಡೆ ಈ ಕಸುಬು ನಡೆಸುವ ಮಾಲೀಕ ಕುರ್ಚಿಯಲ್ಲಿ ಕೂತು ಹುಕುಂ ಕೊಡುವವನಲ್ಲ. ಅವನೂ ನೆಲದ ಮೇಲೆ ಕೂತು ಆರಿ ಹಿಡಿಯುತ್ತಾನೆ. ಕೆಲಸಗಾರರೆಂದರೆ ಹೆಂಡತಿ, ತಮ್ಮ, ನಾದಿನಿ, ಪಕ್ಕದ ಓಣಿಯ ಸಂಬಂಧಿಕರು. ಕಾಕಾನಿಗೆ ಹೊಲಿಗೆ ಬಿಚ್ಚಿ ಮತ್ತೆ ಹಾಕು ಎನ್ನುವುದು, ಅಕ್ಕನ ಮಜೂರಿಯನ್ನು ವಾರಕ್ಕೆ ಸರಿಯಾಗಿ ಚುಕ್ತಾ ಮಾಡುವುದು ಹೊರಗಿನ ಆಳುಗಳನ್ನು ನಡೆಸುವುದಕ್ಕಿಂತ ಕಷ್ಟ. ಸಂಬಂಧದ ಸಲಿಗೆಯಲ್ಲಿ ಲೆಕ್ಕ ಕರಗಿಹೋಗುತ್ತದೆ, ಗುಣಮಟ್ಟದ ಮಾತು ಮುನಿಸಿಗೆ ತಿರುಗುತ್ತದೆ.

ಈ ಒಳಗಿನ ವಿಷಯ ಇಂದು ಮುಖ್ಯವಾಗಿರುವುದಕ್ಕೆ ಹೊರಗಿನ ಕಾರಣವೊಂದಿದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಫ್ಯಾಷನ್ ಪ್ರದರ್ಶನದಲ್ಲಿ ಕೊಲ್ಹಾಪುರಿಯನ್ನೇ ಹೋಲುವ ಪಾದರಕ್ಷೆ ತೋರಿಸಿತು, ಮೂಲದ ಹೆಸರೆತ್ತಲಿಲ್ಲ. ಗದ್ದಲವಾಯಿತು, ಕಂಪನಿ ಮೂಲವನ್ನು ಒಪ್ಪಿಕೊಂಡಿತು. ಆ ಚರ್ಚೆಯೆಲ್ಲ ಮಹಾರಾಷ್ಟ್ರದ ಸುತ್ತಲೇ ನಡೆಯುತ್ತಿದ್ದಾಗ, ಚಪ್ಪಲಿ ಮಾಡುವ ಕೈಗಳಲ್ಲಿ ಬಹಳಷ್ಟು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದವು, ಕೊಲ್ಹಾಪುರ ಅವುಗಳ ಮಾರುಕಟ್ಟೆ ಎಂದು ಕರ್ನಾಟಕದ ಸಚಿವ ಪ್ರಿಯಾಂಕ್ ಖರ್ಗೆ ನೆನಪಿಸಿದರು. ಅದು ಕಾಗದದ ಮೇಲೂ ಇರುವ ಸತ್ಯ. 2019ರಲ್ಲಿ ದೊರೆತ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರದ ಜೊತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಇವೆ. ಹಕ್ಕು ನಮ್ಮ ಲಿಡ್ಕರ್ ಮತ್ತು ಅಲ್ಲಿನ ಲಿಡ್ಕಾಂ, ಎರಡು ಸರ್ಕಾರಿ ಚರ್ಮೋದ್ಯಮ ನಿಗಮಗಳದ್ದು.

2025ರ ಡಿಸೆಂಬರ್‌ನಲ್ಲಿ ಪ್ರಾಡಾ ಈ ಎರಡೂ ನಿಗಮಗಳೊಂದಿಗೆ ಒಪ್ಪಂದಕ್ಕೆ ಬಂತು. ಎರಡೂ ರಾಜ್ಯಗಳಲ್ಲಿ 2,000 ಜೋಡಿ ತಯಾರಿಸಿ, ಜೋಡಿಗೆ ಸುಮಾರು 800 ಯೂರೊ ದರದಲ್ಲಿ ಮಾರುವ ಯೋಜನೆ ಅದು. ಕಾರಿಗರರಿಗೆ ತರಬೇತಿಯ ಮಾತೂ ಅದರಲ್ಲಿದೆ.

800 ಯೂರೊ ಎಂದರೆ ಎಂಬತ್ತು ಸಾವಿರ ರೂಪಾಯಿ ದಾಟುತ್ತದೆ. ನಮ್ಮ ಪೇಟೆಗಳಲ್ಲಿ ಒಳ್ಳೆಯ ಜೋಡಿ ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಈ ಅಂತರ ನೋಡಿ ಹೊಟ್ಟೆ ಉರಿಯುವುದು ಸಹಜ. ಆದರೆ ಅಥಣಿಯ ಮಾಲೀಕ ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ: ಆ ಸಾವಿರದಲ್ಲಿ ಜಡೆ ಹೆಣೆದವಳ ಕೈಗೆ ಎಷ್ಟು ಹೋಗುತ್ತದೆ?

ಇದಕ್ಕೆ ಅಥಣಿಯಲ್ಲೇ ಒಂದು ಉತ್ತರ ಹುಟ್ಟಿದೆ. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಮಧುರಾ ಛತ್ರಪತಿಯವರ ನೇತೃತ್ವದ ಅಸೆಂಟ್ ಎಂಬ ಬೆಂಗಳೂರಿನ ಸಂಸ್ಥೆ ಇಲ್ಲಿ ಕೆಲಸ ಶುರುಮಾಡಿತು. ಅಲ್ಲಿಯವರೆಗಿನ ಲೆಕ್ಕ ಹೀಗಿತ್ತು: ಗಂಡಸು ಅಟ್ಟೆ ಮಾಡುತ್ತಾನೆ, ಪೇಟೆಗೆ ಹೋಗುತ್ತಾನೆ, ದುಡ್ಡು ಎಣಿಸುತ್ತಾನೆ. ಮೇಲಿನ ಪಟ್ಟಿಯ ನಾಜೂಕು ಕೆಲಸವೆಲ್ಲ ಮಾಡುವ ಹೆಂಗಸು ಮಾತ್ರ ‘ಸಹಾಯ’ ಮಾಡುವವಳು. ಈ ಲೆಕ್ಕವನ್ನು ಆ ಪ್ರಯತ್ನ ತಿರುಗಿಸಿತು. ಮಹಿಳೆಯರ ಸ್ವಸಹಾಯ ಸಂಘಗಳು ಕಟ್ಟಿಕೊಂಡವು, ಅವೇ ಕೂಡಿ ‘ಟೋಹೋಲ್ಡ್’ ಎಂಬ ಉದ್ಯಮವಾಯಿತು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯ ತಾಂತ್ರಿಕ ನೆರವು ಈ ಊರಿಗೆ ಬಂತು. ಅಥಣಿಯ ಚಪ್ಪಲಿ ಸ್ವಂತ ಹೆಸರಿನಲ್ಲಿ ಪರದೇಶಕ್ಕೆ ಹೋಯಿತು.

ಇಲ್ಲಿ ಗಮನಿಸಬೇಕಾದದ್ದು ರಫ್ತಿಗಿಂತ ಹೆಚ್ಚಾಗಿ ಒಡೆತನ. ತಪ್ಪಿದ ಹೊಲಿಗೆಯಿಂದ ತನ್ನ ಸಂಘಕ್ಕೇ ನಷ್ಟ ಎಂದು ಗೊತ್ತಿರುವ ಹೆಣ್ಣುಮಗಳಿಗೆ ಮೇಲ್ವಿಚಾರಕನ ಗದರಿಕೆ ಬೇಕಿಲ್ಲ. ಎಡ–ಬಲ ಸರಿಹೊಂದಿವೆಯೇ, ಬಣ್ಣ ಒಂದೇ ಸಮ ಹಿಡಿದಿದೆಯೇ ಎಂದು ಅವಳೇ ತಿರುಗಿಸಿ ನೋಡುತ್ತಾಳೆ. ಹೊರದೇಶದ ಗಿರಾಕಿ ಕೇಳುವುದೂ ಇದನ್ನೇ: ನೂರನೆಯ ಜೋಡಿ ಮೊದಲನೆಯದರಂತೆ ಇರಬೇಕು. ಕಲೆಗಾರನ ಕೈ ಒಂದೊಂದು ಸಲ ಒಂದೊಂದು ಬಗೆ ಹೋಗುತ್ತದೆ, ಅದೇ ಅದರ ಚೆಲುವು. ಆ ಚೆಲುವನ್ನು ಕೊಲ್ಲದೆ ಅಳತೆಗೆ ತರುವುದೇ ಈ ಕಸುಬಿನ ಮಾಲೀಕನ ನಿಜವಾದ ಕೆಲಸ. ಬೈದರೆ ಅದು ಆಗುವುದಿಲ್ಲ. ಒಪ್ಪಿದ ಮಾದರಿಯೊಂದನ್ನು ಎಲ್ಲರ ಕಣ್ಣೆದುರು ತೂಗುಹಾಕಿ, ಕೆಟ್ಟದ್ದನ್ನು ಯಾಕೆ ಕೆಟ್ಟಿತೆಂದು ಕೂತು ತೋರಿಸಬೇಕು.

ಇನ್ನು ಮಳೆಗಾಲ. ತೊಗಲು ಒಣಗುವುದಿಲ್ಲ, ನೀರಿಗೆ ಅಂಜಿ ಗಿರಾಕಿಯೂ ಬರುವುದಿಲ್ಲ. ಜೋಡಿ ಲೆಕ್ಕದ ಮಜೂರಿ ನಂಬಿದ ಮನೆಗೆ ಆ ತಿಂಗಳುಗಳಲ್ಲಿ ಕೈಗಡವೇ ಗತಿ. ಮುಂಗಡ ಕೊಟ್ಟು ಕೆಲಸಗಾರರನ್ನು ಕಟ್ಟಿಹಾಕುವುದು ಒಂದು ದಾರಿ, ಹಳೆಯದು, ಒಳ್ಳೆಯದಲ್ಲ. ಆ ಹೊತ್ತಿನಲ್ಲಿ ಪಟ್ಟಿ ಹೆಣೆಸಿ ಕೂಡಿಡುವುದು, ಬೆಲ್ಟು, ಚೀಲದಂಥ ಸಣ್ಣ ಸಾಮಾನು ಮಾಡಿಸುವುದು, ಹೊಸ ನಮೂನೆ ಕಲಿಸುವುದು ಇನ್ನೊಂದು ದಾರಿ. ಇದಕ್ಕೆ ಕೈಯಲ್ಲಿ ಬಂಡವಾಳ ಇರಬೇಕು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಪಾದರಕ್ಷೆ ತಯಾರಿಕೆಯೂ ಸೇರಿದೆ. ತರಬೇತಿಯ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿ, ಎರಡು ಕಂತುಗಳಲ್ಲಿ 3 ಲಕ್ಷದವರೆಗೆ ಶೇ 5ರ ಬಡ್ಡಿಯಲ್ಲಿ ಸಾಲ ಅದರಲ್ಲಿದೆ.

ಬಂಡವಾಳ ಸಿಕ್ಕರೂ ಕಸುಬಿಗೆ ಕೈ ಉಳಿಯಬೇಕು. ಮಗ್ಗುಲಲ್ಲೇ ಇರುವ ಸಕ್ಕರೆ ಕಾರ್ಖಾನೆ, ನಿಪ್ಪಾಣಿಯ ತಂಬಾಕು ವ್ಯಾಪಾರ, ಪುಣೆ–ಬೆಂಗಳೂರು ಹೆದ್ದಾರಿಯ ಅಂಗಡಿಗಳು ಹುಡುಗರನ್ನು ಕರೆಯುತ್ತಲೇ ಇವೆ. ತೊಗಲಿನ ಕೆಲಸಕ್ಕೆ ಅಂಟಿದ ಜಾತಿಯ ಅವಮಾನವೂ ಅವರನ್ನು ಹೊರಗೆ ದೂಡುತ್ತದೆ. ಆ ಹುಡುಗರು ಕಸುಬಿನಲ್ಲಿ ನಿಲ್ಲಬೇಕಾದರೆ ಪರಂಪರೆಯ ಭಾಷಣ ಸಾಲದು, ಕೂಲಿಯೂ ಮರ್ಯಾದೆಯೂ ಬೇಕು.

ಆದ್ದರಿಂದ ಅಥಣಿ, ಕಾಗವಾಡದಿಂದ ನಿಪ್ಪಾಣಿಯವರೆಗಿನ ಮಾಲೀಕರಲ್ಲಿ ಒಂದು ಕೋರಿಕೆ. ದೊಡ್ಡ ಆರ್ಡರ್ ಬಾಗಿಲಿಗೆ ಬರುವ ಮೊದಲೇ ಅಟ್ಟೆಗೆ ಎಷ್ಟು, ಹೊಲಿಗೆಗೆ ಎಷ್ಟು, ಹೆಣಿಗೆಗೆ ಎಷ್ಟು ಎಂದು ವಹಿಯಲ್ಲಿ ಬರೆದಿಡಿ. ಹೆಣಿಗೆಯ ಮಜೂರಿ ಹೆಣೆದವಳ ಹೆಸರಿನ ಖಾತೆಗೇ ಜಮೆಯಾಗಲಿ. ಲಿಡ್ಕರ್ ಕೂಡ ತರಬೇತಿಗೆ ಹೆಸರು ಬರೆದುಕೊಳ್ಳುವಾಗ ಆ ವಹಿಯನ್ನು ಕೇಳಿ ನೋಡಲಿ.