ಕಲಬುರಗಿ–ಬೆಂಗಳೂರು ವಿಮಾನಮಾರ್ಗ: ದೂರ ಮತ್ತು ಕಾಲ

ಎರಡು ವಿಮಾನನಿಲ್ದಾಣಗಳ ನಡುವಣ ದೂರವನ್ನು ಗೊತ್ತುಮಾಡುವುದು ಭೂಗೋಳಶಾಸ್ತ್ರದ ವಿದ್ಯಾರ್ಥಿಗೆ ಕಷ್ಟದ ಕೆಲಸವಲ್ಲ. ಆದರೆ ಆ ದೂರದಿಂದ ಪ್ರಯಾಣಿಕನಿಗೆ ಹಿಡಿಯುವ ಕಾಲವನ್ನು ಊಹಿಸಹೊರಟರೆ ಲೆಕ್ಕ ತಪ್ಪುತ್ತದೆ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಜನರ ದೃಷ್ಟಿಯಿಂದ ಈ ವಿಷಯವನ್ನು ಇಲ್ಲಿ ಪರಿಶೀಲಿಸುತ್ತೇವೆ.

ಕಲಬುರಗಿಯ ವಿಮಾನನಿಲ್ದಾಣವು 2019ರ ನವೆಂಬರ್ 22ರಂದು ಪ್ರಾರಂಭವಾಯಿತು. ನಗರದ ಪೂರ್ವಕ್ಕೆ, ಶ್ರೀನಿವಾಸ ಸರಡಗಿಯ ಬಳಿ ಅದು ಇದೆ. ಅದರ ಅಕ್ಷಾಂಶ ಸುಮಾರು 17.31 ಡಿಗ್ರಿ ಉತ್ತರ, ರೇಖಾಂಶ 76.96 ಡಿಗ್ರಿ ಪೂರ್ವ. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದವು ಕ್ರಮವಾಗಿ 13.20 ಮತ್ತು 77.71. ಭೂಮಿ ಗೋಳಾಕಾರವಾದುದರಿಂದ ಇವೆರಡರ ನಡುವಣ ಅತಿ ಹ್ರಸ್ವವಾದ ಹಾದಿ ಮಹಾವೃತ್ತದ ಒಂದು ಕಂಸ. ಅಕ್ಷಾಂಶಗಳ ವ್ಯತ್ಯಾಸ 4.11 ಡಿಗ್ರಿ, ಡಿಗ್ರಿಯೊಂದಕ್ಕೆ ಸುಮಾರು 111 ಕಿಲೋಮೀಟರಿನಂತೆ ಇದು 457 ಕಿಲೋಮೀಟರು. ರೇಖಾಂಶಗಳ ವ್ಯತ್ಯಾಸ ಮುಕ್ಕಾಲು ಡಿಗ್ರಿ. ಅದು 80 ಕಿಲೋಮೀಟರು. ಇಷ್ಟು ಚಿಕ್ಕ ಅಂತರಕ್ಕೆ ಪೈಥಾಗೊರಸನ ಪ್ರಮೇಯವೇ ಸಾಕು: ಒಟ್ಟು ದೂರ ಸುಮಾರು 464 ಕಿಲೋಮೀಟರು.

ರೇಖಾಂಶದ ಡಿಗ್ರಿಯನ್ನು ಎಲ್ಲೆಡೆಯೂ ಒಂದೇ ಅಳತೆಯದೆಂದು ಭಾವಿಸುವ ತಪ್ಪನ್ನು ವಿದ್ಯಾರ್ಥಿಗಳು ಮೇಲಿಂದ ಮೇಲೆ ಮಾಡುತ್ತಾರೆ. ಆಳಂದದ ಅಕ್ಷಾಂಶದಲ್ಲಿ ಅದು 106 ಕಿಲೋಮೀಟರು. ಪ್ಯಾರಿಸ್ಸು, ಫ್ರಾಂಕ್‌ಫರ್ಟುಗಳ ಅಕ್ಷಾಂಶದಲ್ಲಿ ಕೇವಲ 72. ಆ ಎರಡು ನಗರಗಳ ಮುಖ್ಯ ನಿಲ್ದಾಣಗಳ ನಡುವೆ ಆರು ಡಿಗ್ರಿ ರೇಖಾಂಶದ ಅಂತರವಿದ್ದರೂ ವಿಮಾನದ ಹಾದಿ ಸುಮಾರು 450 ಕಿಲೋಮೀಟರು ಮಾತ್ರ, ಅಂದರೆ ನಮ್ಮ ಹಾದಿಗಿಂತ ತುಸು ಕಡಿಮೆಯೇ.

ಇನ್ನು ಕಾಲದ ಮಾತು. ಗಂಟೆಗೆ 500 ಕಿಲೋಮೀಟರು ವೇಗದ ಪಂಖದ ವಿಮಾನಕ್ಕೆ 464 ಕಿಲೋಮೀಟರು 56 ನಿಮಿಷದ ದಾರಿ. ಓಡುಹಾದಿಯವರೆಗಿನ ಚಲನೆ, ಏರುವುದು, ಇಳಿಯುವುದು ಸೇರಿ ಒಂದೂಕಾಲು ಗಂಟೆ ಎನ್ನಬಹುದು. ಆದರೆ ಆಳಂದದವನು ಮೊದಲು ಕಲಬುರಗಿಗೆ ಬಂದು, ನಗರವನ್ನು ದಾಟಿ, ಮತ್ತೆ ಪೂರ್ವಕ್ಕೆ ಹೋಗಬೇಕು. ಇದಕ್ಕೆ ಒಂದೂವರೆ ಗಂಟೆ, ತಪಾಸಣೆಗೂ ಕಾಯುವುದಕ್ಕೂ ಅಷ್ಟೇ, ದೇವನಹಳ್ಳಿಯಿಂದ ಬೆಂಗಳೂರಿನೊಳಕ್ಕೆ ಮತ್ತಷ್ಟು ಎಂದಿಟ್ಟುಕೊಂಡರೂ ಒಟ್ಟು ಆರು ಗಂಟೆಗೆ ಕಾಲು ಗಂಟೆ ಕಡಿಮೆ. ಆಕಾಶದಲ್ಲಿ ಕಳೆಯುವ ಹೊತ್ತು ಇದರಲ್ಲಿ ಕಾಲುಭಾಗವೂ ಅಲ್ಲ.

ಜೇವರ್ಗಿಯ ಸ್ಥಿತಿ ಇನ್ನೂ ವಿಚಿತ್ರವಾದುದು. ನಿಲ್ದಾಣಕ್ಕೆ ಮೂರರಲ್ಲಿ ಅತಿ ಸಮೀಪವಾದ ಪಟ್ಟಣ ಅದೇ. ನೇರ ಅಂತರ 38 ಕಿಲೋಮೀಟರು. ಆದರೆ ಅಲ್ಲಿನವನು ಬೆಂಗಳೂರಿಗೆ ಬೆನ್ನುಮಾಡಿ, ಕಟ್ಟಿಸಂಗಾವಿಯಲ್ಲಿ ಭೀಮೆಯನ್ನು ದಾಟಿ, ಉತ್ತರಕ್ಕೆ ಬರಬೇಕು. ವಿಮಾನ ಹತ್ತುವ ವೇಳೆಗೆ ಅವನು ಮನೆಯಲ್ಲಿದ್ದುದಕ್ಕಿಂತ ಬೆಂಗಳೂರಿನಿಂದ ಸುಮಾರು 25 ಕಿಲೋಮೀಟರು ಹೆಚ್ಚು ದೂರದಲ್ಲಿರುತ್ತಾನೆ! ಅಫಜಲಪುರದಿಂದ ನಿಲ್ದಾಣಕ್ಕೆ ನೇರ ಅಂತರ 65 ಕಿಲೋಮೀಟರು. ಆ ವಿಮಾನಕ್ಕೆ ಇದು ಎಂಟು ನಿಮಿಷದ ಹಾದಿ. ಬಸ್ಸಿನವನಿಗೆ ಎರಡು ಗಂಟೆಗೆ ಕಡಿಮೆಯಿಲ್ಲ.

ಈ ಲೆಕ್ಕವೆಲ್ಲ ವಿಮಾನಸಂಚಾರ ಇರುವ ದಿನಕ್ಕೆ ಮಾತ್ರ ಅನ್ವಯಿಸುತ್ತದೆ. ಅದಿಲ್ಲದ ದಿನ, ಬೆಳಗ್ಗೆ ಹತ್ತು ಗಂಟೆಗೆ ಬೆಂಗಳೂರಿನಲ್ಲಿ ಸಂದರ್ಶನಕ್ಕೆ ಹಾಜರಾಗಬೇಕಾದ ನಮ್ಮ ವಿದ್ಯಾರ್ಥಿಗೆ ಹಿಂದಿನ ರಾತ್ರಿಯ ರೈಲೋ ಬಸ್ಸೋ ಗತಿ.