ಸಿಯಾಕ್ ಜಿಲ್ಲೆಯ ನಲವತ್ತು ಸೆಂಟಿಮೀಟರ್ ಲೆಕ್ಕ

ಇಂಡೊನೇಷ್ಯಾದ ಸುಮಾತ್ರಾ ದ್ವೀಪದಲ್ಲಿ, ರಿಯಾವು ಪ್ರಾಂತ್ಯಕ್ಕೆ ಸೇರಿದ ಸಿಯಾಕ್ ಜಿಲ್ಲೆಯ ವಿಸ್ತೀರ್ಣ ಸುಮಾರು 8,556 ಚದರ ಕಿಲೋಮೀಟರ್. 2020ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ 4.58 ಲಕ್ಷ. ಜಿಲ್ಲೆಯ ಭವಿಷ್ಯವನ್ನು ಈ ಎರಡು ಸಂಖ್ಯೆಗಳಿಗಿಂತ ಮೂರನೆಯದೊಂದು ಹೆಚ್ಚು ತೀರ್ಮಾನಿಸುತ್ತದೆ: ಅದರ ನೆಲದ ಶೇ 57ರಷ್ಟು, ಅಂದರೆ 4.8 ಲಕ್ಷ ಹೆಕ್ಟೇರ್‌ಗೂ ಮಿಕ್ಕಿದ ಭಾಗ, ಪೀಟ್ ಮಣ್ಣು. ಅಲ್ಲಿಯವರು ಇದನ್ನು ಗಂಬುತ್ ಎನ್ನುತ್ತಾರೆ. ಸಾವಿರಾರು ವರ್ಷ ನೀರಿನಲ್ಲಿ ಮುಳುಗಿದ್ದರಿಂದ ಪೂರ್ತಿ ಕೊಳೆಯದೇ ಉಳಿದ ಎಲೆ, ಬೇರು, ಕಾಂಡಗಳ ರಾಶಿ ಅದು. ಕೆಲವೆಡೆ ಹಲವು ಮೀಟರ್ ಆಳವಿದೆ. ಅದರ ಮೇಲೆ ಹರಿಯುವ ನೀರು ಕಪ್ಪು ಚಹಾದ ಬಣ್ಣದ್ದು.

ಈ ನೆಲದಲ್ಲಿ ಎಣ್ಣೆ ತಾಳೆ ಬೆಳೆಯಲು ಕಾಲುವೆ ತೋಡಿ ನೀರು ಬಸಿಯಬೇಕು. ಬಸಿದರೆ ನೆಲ ಕುಗ್ಗುತ್ತದೆ, ಪೂರ್ತಿ ಒಣಗಿದರೆ ಹೊತ್ತಿಕೊಳ್ಳುತ್ತದೆ. ಹಾಗೆಂದು ಬಸಿಯದೇ ಬಿಟ್ಟರೆ ಗಿಡದ ಬೇರು ಕೊಳೆಯುತ್ತದೆ. ಜಿಲ್ಲೆಯ ಆರ್ಥಿಕತೆಯೂ ಪರಿಸರವೂ ನಿಂತಿರುವುದು ನೀರಿನ ಈ ಮಟ್ಟದ ಮೇಲೆ. ಇಂಡೊನೇಷ್ಯಾ ಸರ್ಕಾರದ 2014ರ ಪೀಟ್ ನಿಯಮ ಮತ್ತು ಅದಕ್ಕೆ 2016ರಲ್ಲಿ ಬಂದ ತಿದ್ದುಪಡಿ ಆ ಮಟ್ಟಕ್ಕೆ ಒಂದು ಗಡಿ ಹಾಕಿವೆ. ಕೃಷಿಗೆ ಬಿಟ್ಟ ಪೀಟ್ ನೆಲದಲ್ಲಿ ನೀರು ಮೇಲ್ಮೈಯಿಂದ 40 ಸೆಂಟಿಮೀಟರ್‌ಗಿಂತ ಕೆಳಗಿಳಿದರೆ ಆ ನೆಲ ಹಾಳಾಗಿದೆ ಎಂದೇ ಲೆಕ್ಕ.

ಜಿಲ್ಲೆಯ ಆದಾಯ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ. ತಾಳೆಗಿಂತ ಮುಂಚೆ ಇಲ್ಲಿ ದುಡ್ಡು ತಂದದ್ದು ನೆಲದಡಿಯ ಎಣ್ಣೆ. 1944ರಲ್ಲಿ ಪತ್ತೆಯಾಗಿ 1952ರಿಂದ ಉತ್ಪಾದನೆ ಶುರುವಾದ ಮಿನಾಸ್ ತೈಲಕ್ಷೇತ್ರ ಈ ಜಿಲ್ಲೆಯಲ್ಲಿದೆ. ಈವರೆಗೆ ಅದು ಕೊಟ್ಟ ತೈಲ 400 ಕೋಟಿ ಬ್ಯಾರೆಲ್‌ಗೂ ಹೆಚ್ಚು. ಅದರ ಉಚ್ಛ್ರಾಯದ ದಿನಗಳು ಮುಗಿದಿವೆ. 2004ರ ಹಣಕಾಸು ಹಂಚಿಕೆ ಕಾನೂನಿನಂತೆ ತೈಲದ ಆದಾಯದಲ್ಲಿ ಶೇ 15.5 ಭಾಗ ಪ್ರಾಂತ್ಯ ಮತ್ತು ಜಿಲ್ಲೆಗಳಿಗೆ ಬರುತ್ತಿತ್ತು, ಉಳಿದ ಶೇ 84.5 ಕೇಂದ್ರಕ್ಕೆ. ತಾಳೆ ಎಣ್ಣೆಯ ರಫ್ತು ಸುಂಕದಲ್ಲಿ ಜಿಲ್ಲೆಗಳಿಗೆ 2023ರವರೆಗೆ ಅಷ್ಟೂ ಪಾಲಿರಲಿಲ್ಲ. ಆ ವರ್ಷ ಬಂದ ನಿಯಮ ಕನಿಷ್ಠ ಶೇ 4ನ್ನು ಹಂಚಲು ಹೇಳಿತು, 350 ಪ್ರಾಂತ್ಯ-ಜಿಲ್ಲೆಗಳಿಗೆ ಒಟ್ಟು 3.4 ಲಕ್ಷ ಕೋಟಿ ರುಪಿಯಾ ಸಿಕ್ಕಿತು. ಸರಾಸರಿ ತೆಗೆದರೆ ತಲಾ 971 ಕೋಟಿ ರುಪಿಯಾ. ನಮ್ಮ 1 ರೂಪಾಯಿಗೆ ಸುಮಾರು 190 ರುಪಿಯಾ ಎಂದು ಹಿಡಿದರೆ 5 ಕೋಟಿ ರೂಪಾಯಿ ಚಿಲ್ಲರೆ. ಅದರಲ್ಲೂ ಬಹುಪಾಲು ರಸ್ತೆಗೆ ಮೀಸಲು. ಗೊನೆ ತುಂಬಿದ ಲಾರಿಗಳು ಓಡಿ ಹಾಳಾದ ರಸ್ತೆಗಳಿಗೆ ದುಡ್ಡು ಬೇಕು, ನಿಜ. ಆದರೆ ಅದೇ ಬೆಳೆಗಾಗಿ ಬಸಿದು ಹಾಳಾದ ನೆಲಕ್ಕೂ ದುಡ್ಡು ಬೇಕಲ್ಲವೇ?

ಈಗ ರೈತನ ಲೆಕ್ಕಕ್ಕೆ ಬರೋಣ. ಜಾವಾದಿಂದ ವಲಸೆ ಬಂದ ಕುಟುಂಬಗಳಿಗೆ 1980 ಮತ್ತು 90ರ ದಶಕದ ಸರ್ಕಾರಿ ಯೋಜನೆಯಲ್ಲಿ ಸಿಕ್ಕಿದ್ದು ಸಾಮಾನ್ಯವಾಗಿ 2 ಹೆಕ್ಟೇರ್ ತಾಳೆ ತೋಟ, ಅಂದರೆ 5 ಎಕರೆಗೆ ತುಸು ಕಡಿಮೆ. ಒಂಬತ್ತು ಮೀಟರ್ ಅಂತರದ ತ್ರಿಕೋನ ಪದ್ಧತಿಯಲ್ಲಿ ನೆಟ್ಟರೆ ಹೆಕ್ಟೇರ್‌ಗೆ 143 ಗಿಡ ಹಿಡಿಸುತ್ತವೆ. ನೆಟ್ಟ ಮೂರನೇ ವರ್ಷದ ಹೊತ್ತಿಗೆ ಫಸಲು ಶುರು, 25 ವರ್ಷಕ್ಕೆ ಮರ ಮುದಿಯಾಗುತ್ತದೆ. ಅಷ್ಟರಲ್ಲಿ ಮರ ಎಷ್ಟು ಎತ್ತರ ಬೆಳೆದಿರುತ್ತದೆಂದರೆ, ಉದ್ದನೆಯ ಕೋಲಿನ ತುದಿಗೆ ಕಟ್ಟಿದ ಕುಡುಗೋಲು ಹಿಡಿದು, ಕತ್ತು ಮೇಲೆತ್ತಿ, ಇಪ್ಪತ್ತು ಕಿಲೋ ತೂಗುವ ಗೊನೆಯನ್ನು ಅಂದಾಜಿನ ಮೇಲೆ ಕೊಯ್ಯಬೇಕು. ಕೊಯ್ದ ಗೊನೆಯನ್ನು ಒಂದೆರಡು ದಿನದೊಳಗೆ ಗಿರಣಿಗೆ ಮುಟ್ಟಿಸಬೇಕು, ತಡವಾದರೆ ಎಣ್ಣೆಯಲ್ಲಿ ಆಮ್ಲ ಏರಿ ಬೆಲೆ ಇಳಿಯುತ್ತದೆ.

ಮುದಿ ಮರ, ಸಾಲದ ಗೊಬ್ಬರ, ಖಾತರಿಯಿಲ್ಲದ ಸಸಿ. ಇಂಥ ತೋಟ ವರ್ಷಕ್ಕೆ ಹೆಕ್ಟೇರ್‌ಗೆ 12 ಟನ್ ಗೊನೆ ಕೊಟ್ಟರೆ ಹೆಚ್ಚು. ಒಳ್ಳೆಯ ತಳಿ, ಸರಿಯಾದ ಗೊಬ್ಬರ ಇದ್ದ ತೋಟ 20 ಟನ್ ದಾಟುತ್ತದೆ. ವ್ಯತ್ಯಾಸದ ಒಂದು ಮೂಲ ಹಣ್ಣಿನೊಳಗೇ ಇದೆ. ಹಣ್ಣನ್ನು ಚಾಕುವಿನಿಂದ ಅಡ್ಡ ಸೀಳಿದರೆ ತೆನೆರಾ ತಳಿಯಲ್ಲಿ ಓಟೆಯ ಚಿಪ್ಪು ತೆಳ್ಳಗೆ, ಸುತ್ತಲಿನ ತಿರುಳು ದಪ್ಪ. ಎಣ್ಣೆ ಇರುವುದು ಆ ತಿರುಳಿನಲ್ಲಿ. ದಾರಿಬದಿಯಲ್ಲಿ ಅಗ್ಗಕ್ಕೆ ಸಿಗುವ ನಕಲಿ ಸಸಿಯಲ್ಲಿ ದೂರಾ ಜಾತಿ ಬೆರೆತಿರುತ್ತದೆ. ಅದರ ಚಿಪ್ಪು ದಪ್ಪ, ತಿರುಳು ತೆಳು. ಸಸಿ ನೆಟ್ಟ ಮೇಲೆ ಇದು ಗೊತ್ತಾಗಲು ಮೂರು ವರ್ಷ ಬೇಕು. ಅನುಭವಿಸಬೇಕಾದದ್ದು ಇಪ್ಪತ್ತೆರಡು ವರ್ಷ.

ಗೊನೆಯ ಬೆಲೆ ಏರಿಳಿಯುತ್ತಲೇ ಇರುತ್ತದೆ. ಲೆಕ್ಕಕ್ಕಾಗಿ ಕಿಲೋಗೆ 2,500 ರುಪಿಯಾ, ಅಂದರೆ ನಮ್ಮ 13 ರೂಪಾಯಿ ಎಂದಿಟ್ಟುಕೊಳ್ಳಿ. 12 ಟನ್ ತೋಟದ ಹುಟ್ಟುವಳಿ ಹೆಕ್ಟೇರ್‌ಗೆ 3 ಕೋಟಿ ರುಪಿಯಾ (1.58 ಲಕ್ಷ ರೂಪಾಯಿ), 20 ಟನ್ ತೋಟದ್ದು 5 ಕೋಟಿ ರುಪಿಯಾ (2.63 ಲಕ್ಷ ರೂಪಾಯಿ). ಮೂರು ಹೆಕ್ಟೇರ್ ಒಳ್ಳೆಯ ತೋಟ ಐದು ಹೆಕ್ಟೇರ್ ಸೊರಗಿದ ತೋಟಕ್ಕೆ ಸಮ. ಇರುವ ಮೂರು ಹೆಕ್ಟೇರನ್ನು ಸರಿಪಡಿಸಿದರೆ ಕಾಡು ಕಡಿದು, ಪೀಟ್ ಬಸಿದು ಇನ್ನೆರಡು ಹೆಕ್ಟೇರ್ ಮಾಡಿಕೊಳ್ಳುವ ಅಗತ್ಯವೇ ಬೀಳದು. ಸಿಯಾಕ್‌ನ ಬೆಳವಣಿಗೆಗೂ ಪರಿಸರಕ್ಕೂ ರಾಜಿಯಾಗುವ ದಾರಿ ಇದೊಂದೇ ಎಂದು ನಾನು ನಂಬಿದ್ದೇನೆ. ಉಳಿದ ಎಲ್ಲ ದಾರಿಗಳಲ್ಲೂ ಒಂದರ ಲಾಭ ಇನ್ನೊಂದರ ನಷ್ಟವಾಗಿ ಬರುತ್ತದೆ.

ಆ ಇನ್ನೆರಡು ಹೆಕ್ಟೇರ್ ಪೀಟ್ ನೆಲವೇ ಆದರೆ ಏನಾಗುತ್ತದೆ? ರಿಯಾವು ಮತ್ತು ಪಕ್ಕದ ಜಾಂಬಿ ಪ್ರಾಂತ್ಯದ ತೋಟಗಳಲ್ಲಿ ಸಂಶೋಧಕರು ಅಳೆದು ನೋಡಿದ್ದಾರೆ. ಬಸಿದ ಮೊದಲ ಐದು ವರ್ಷದಲ್ಲಿ ನೆಲ ಸುಮಾರು 1.4 ಮೀಟರ್ ಕುಸಿಯುತ್ತದೆ, ಆಮೇಲೆ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್. ಒಂದು ಬೆಳೆಯ 25 ವರ್ಷದ ಆಯುಷ್ಯಕ್ಕೆ ಇದನ್ನು ಹಾಕಿದರೆ 1.4ಕ್ಕೆ ಇಪ್ಪತ್ತು ವರ್ಷದ 1 ಮೀಟರ್ ಸೇರಿ ಒಟ್ಟು 2.4 ಮೀಟರ್, ಅಂದರೆ ಆಳೆತ್ತರಕ್ಕಿಂತ ಹೆಚ್ಚು ನೆಲ ಇಲ್ಲವಾಗುತ್ತದೆ. ಇಂಥ ತೋಟಗಳಲ್ಲಿ ಮರಗಳು ಅತ್ತಿತ್ತ ವಾಲಿ ನಿಂತಿರುತ್ತವೆ. ಕೆಳಗಿನ ಮಣ್ಣು ಇಳಿದುಹೋಗಿ ಬೇರುಗಳು ಗಾಳಿಗೆ ತೆರೆದುಕೊಂಡಿರುತ್ತವೆ. ಜಿಲ್ಲೆಯ ಉತ್ತರಕ್ಕೆ, ಸಮುದ್ರದಂಚಿನ ಸುಂಗೈ ಅಪಿತ್ ಕಡೆ ಈ ಅಪಾಯ ಇನ್ನೂ ಹತ್ತಿರದ್ದು. ನೆಲ ನದಿಯ ಮಟ್ಟಕ್ಕೆ ಇಳಿದ ಮೇಲೆ ನೀರು ತಾನಾಗಿ ಹರಿದು ಹೋಗುವುದಿಲ್ಲ, ಒಂದೋ ಪಂಪ್ ಹಾಕಬೇಕು, ಇಲ್ಲವೇ ತೋಟ ಬಿಡಬೇಕು. ಎರಡಕ್ಕೂ ಬೇಕಾದ ಹಣವನ್ನು ಯಾವ ತೋಟದ ಜಮಾಖರ್ಚಿನಲ್ಲೂ ತೆಗೆದಿಟ್ಟಿರುವುದಿಲ್ಲ.

ಕುಸಿದ ಮಣ್ಣಿನ ಒಂದು ಭಾಗ ಅಡಕಗೊಂಡರೆ ಇನ್ನೊಂದು ಭಾಗ ಗಾಳಿ ಸೇರುತ್ತದೆ. ಹವಾಮಾನ ಬದಲಾವಣೆಯ ಅಂತರ ಸರ್ಕಾರಿ ಸಮಿತಿಯ 2013ರ ಮಾರ್ಗಸೂಚಿಯಂತೆ, ಬಸಿದ ಪೀಟ್ ಮೇಲಿನ ತಾಳೆ ತೋಟ ವರ್ಷಕ್ಕೆ ಹೆಕ್ಟೇರ್‌ಗೆ 11 ಟನ್ ಇಂಗಾಲ ಕಳೆದುಕೊಳ್ಳುತ್ತದೆ. ಇಂಗಾಲದ ಡೈಆಕ್ಸೈಡ್ ಲೆಕ್ಕದಲ್ಲಿ ಅದು 40 ಟನ್. ಗೊನೆಯ ತೂಕದಲ್ಲಿ ಶೇ 20 ಎಣ್ಣೆ ಬರುತ್ತದೆಂದು ಹಿಡಿದರೆ 12 ಟನ್ ತೋಟದಿಂದ 2.4 ಟನ್ ಎಣ್ಣೆ. ಒಂದು ಟನ್ ಎಣ್ಣೆಗೆ ಸುಮಾರು 17 ಟನ್ ಅನಿಲ! 20 ಟನ್ ತೋಟದಲ್ಲಿ ಇದು 10 ಟನ್‌ಗೆ ಇಳಿಯುತ್ತದೆ, ಸೊನ್ನೆಯಾಗುವುದಿಲ್ಲ. ನೀರನ್ನು 40 ಸೆಂಟಿಮೀಟರ್ ಗಡಿಯಲ್ಲಿ ಹಿಡಿದಿಟ್ಟರೂ ನಷ್ಟ ಕಡಿಮೆಯಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಆದ್ದರಿಂದ ಆಳದ ಪೀಟ್ ಮೇಲೆ ಹೊಸ ತಾಳೆ ತೋಟ ಬೇಡವೇ ಬೇಡ, ಈಗಾಗಲೇ ಇರುವ ಕಡೆ ಕಾಲುವೆಗೆ ಕಟ್ಟ ಹಾಕಿ ನೀರು ಏರಿಸಬೇಕು. ಗಡಿ ಪಾಲನೆಯಾಗುತ್ತಿದೆಯೇ ಎಂದು ನೋಡುವ ಸಾಧನ ತೀರ ಸರಳ: ತೂತು ಕೊರೆದ ಪಿವಿಸಿ ಪೈಪನ್ನು ನೆಲಕ್ಕೆ ಇಳಿಸಿ, ಒಳಗೆ ಟೇಪ್ ಬಿಟ್ಟು ನೀರು ಎಷ್ಟು ಕೆಳಗಿದೆ ಎಂದು ಓದುವುದು.

ಬೆಂಕಿಯ ಲೆಕ್ಕ ಬೇರೆಯೇ. 2015ರಲ್ಲಿ ಇಂಡೊನೇಷ್ಯಾದಲ್ಲಿ 26 ಲಕ್ಷ ಹೆಕ್ಟೇರ್ ಸುಟ್ಟುಹೋಯಿತು, ಅದರ ಮೂರನೇ ಒಂದು ಭಾಗ ಪೀಟ್ ನೆಲ. ಆ ಸೆಪ್ಟೆಂಬರ್‌ನಲ್ಲಿ ರಿಯಾವು ಪ್ರಾಂತ್ಯ ತುರ್ತು ಪರಿಸ್ಥಿತಿ ಘೋಷಿಸಿತು. ಶಾಲೆಗಳು ಮುಚ್ಚಿದವು. ದೇಶದಲ್ಲಿ ಉಸಿರಾಟದ ಸೋಂಕಿನ 5 ಲಕ್ಷ ಪ್ರಕರಣ ದಾಖಲಾದವು. ವಿಶ್ವಬ್ಯಾಂಕ್ ಕಟ್ಟಿದ ನಷ್ಟ 1,610 ಕೋಟಿ ಡಾಲರ್, ಅಂದಿನ ದರದಲ್ಲಿ 221 ಲಕ್ಷ ಕೋಟಿ ರುಪಿಯಾ. 2004ರ ಸುನಾಮಿಯ ನಂತರ ಆಚೆ ಎಂಬ ಪ್ರಾಂತ್ಯವನ್ನು ಮತ್ತೆ ಕಟ್ಟಲು ತಗಲಿದ್ದರ ಎರಡು ಪಟ್ಟಿಗೂ ಇದು ಹೆಚ್ಚು. ಹೆಕ್ಟೇರ್‌ಗೆ ಭಾಗಿಸಿದರೆ 8.5 ಕೋಟಿ ರುಪಿಯಾ. ಸೊರಗಿದ ತಾಳೆ ತೋಟವೊಂದು ಆ ಮೊತ್ತ ದುಡಿಯಲು ಸುಮಾರು ಮೂರು ವರ್ಷ ಬೇಕು, ಅದೂ ಖರ್ಚು ಕಳೆಯದೆ. 2019ರಲ್ಲಿ ಮತ್ತೆ ಬೆಂಕಿ, ಮತ್ತೆ 520 ಕೋಟಿ ಡಾಲರ್ ನಷ್ಟ.

2015ರ ಹೊಗೆಯ ಮರುವರ್ಷವೇ ಸಿಯಾಕ್ ತನ್ನನ್ನು ಹಸಿರು ಜಿಲ್ಲೆಯೆಂದು ಘೋಷಿಸಿಕೊಂಡಿತು. ಅದೇ ವರ್ಷ ಜಿಲ್ಲೆಯೊಳಗೆ 31 ಸಾವಿರ ಹೆಕ್ಟೇರ್ ಮೀರಿದ ಜಮ್ರುದ್ ರಾಷ್ಟ್ರೀಯ ಉದ್ಯಾನ ಅಸ್ತಿತ್ವಕ್ಕೆ ಬಂತು. ಪೀಟ್ ಕಾಡಿನ ನಡುವೆ ಎರಡು ಕೆರೆಗಳಿರುವ ಜಾಗ ಅದು, ಜಿಲ್ಲೆಯ ನೆಲದ ಶೇ 3.7. 2018ರಲ್ಲಿ ಹಸಿರು ಜಿಲ್ಲೆಯ ಘೋಷಣೆಗೆ ಜಿಲ್ಲಾಧಿಪತಿಯ 22ನೇ ಸಂಖ್ಯೆಯ ಆದೇಶದ ಬಲ ಬಂತು. ಆಮೇಲೆ ಜಿಲ್ಲೆ ಹಳ್ಳಿಗಳಿಗೆ ಕೊಡುವ ಅನುದಾನದ ಒಂದು ಪಾಲನ್ನು ಪರಿಸರ ಕೆಲಸಕ್ಕೆ ತಕ್ಕಂತೆ ಹಂಚತೊಡಗಿತು. ಬೆಂಕಿ ತಡೆದ, ನೆಲ ಕಾಪಾಡಿದ ಹಳ್ಳಿಗೆ ಹೆಚ್ಚು ಹಣ. ಮೊತ್ತ ದೊಡ್ಡದಲ್ಲ, ಆದರೂ ಮರ ಕಡಿಯದೇ ಇರುವುದಕ್ಕೆ ಹಳ್ಳಿಯ ಖಜಾನೆಗೆ ದುಡ್ಡು ಬರುವುದು ಹೊಸ ಸಂಗತಿ. ಪೀಟ್ ನೀರಿನಲ್ಲೇ ಬದುಕುವ ಗಾಬುಸ್ ಮೀನಿನಿಂದ ಆಲ್ಬುಮಿನ್ ತೆಗೆಯುವ ಕಿರು ಉದ್ಯಮವೂ ಇಲ್ಲಿ ಹುಟ್ಟಿದೆ. ಅನಾನಸ್ ಇದೆ. ಇವೆಲ್ಲ ಬೆಳೆಯಲಿ. ಆದರೆ ಲಕ್ಷಾಂತರ ಹೆಕ್ಟೇರ್ ತಾಳೆಯ ಜಾಗವನ್ನು ಮೀನು ಮತ್ತು ಅನಾನಸ್ ಸದ್ಯಕ್ಕೆ ತುಂಬಲಾರವು. ತಾಳೆ ತೋಟವನ್ನೇ ಸರಿಪಡಿಸದೆ ಬೇರೆ ದಾರಿಯಿಲ್ಲ.

ಹಾಗಾದರೆ ಮುದಿ ಮರ ಕಡಿದು ಹೊಸದು ನೆಡಲು ರೈತರೇಕೆ ಹಿಂಜರಿಯುತ್ತಾರೆ? ಇಂಡೊನೇಷ್ಯಾ ಸರ್ಕಾರ ಇದಕ್ಕೆ ಹೆಕ್ಟೇರ್‌ಗೆ ಮೊದಲು 2.5 ಕೋಟಿ, 2020ರಿಂದ 3 ಕೋಟಿ, 2024ರಲ್ಲಿ 6 ಕೋಟಿ ರುಪಿಯಾ ಸಹಾಯಧನ ಇಟ್ಟಿತು. ಆಗಿನ ಗುರಿ ವರ್ಷಕ್ಕೆ 1.8 ಲಕ್ಷ ಹೆಕ್ಟೇರ್ ಇತ್ತು. 2023ರಲ್ಲಿ ಇಡೀ ದೇಶದಲ್ಲಿ ಆದದ್ದು 60 ಸಾವಿರವನ್ನೂ ಮುಟ್ಟಲಿಲ್ಲ. ಒಂದು ಅಡ್ಡಿ ಕಾಗದಪತ್ರದ್ದು. ಸರ್ಕಾರದ ನಕ್ಷೆಯಲ್ಲಿ ಅರಣ್ಯ ಎಂದು ಬಣ್ಣ ಬಳಿದ ಜಾಗದಲ್ಲಿ ತೋಟವಿದ್ದರೆ, ಮೂವತ್ತು ವರ್ಷದಿಂದ ತಾಳೆಯೇ ಬೆಳೆಯುತ್ತಿದ್ದರೂ ಸಹಾಯಧನವಿಲ್ಲ. ಇನ್ನೊಂದು ಅಡ್ಡಿ ಹೊಟ್ಟೆಯದು. ಮರ ಕಡಿದ ಮೇಲೆ ಮೂರು ವರ್ಷ ಫಸಲಿಲ್ಲ. 12 ಟನ್ ಲೆಕ್ಕದಲ್ಲಿ ಹೆಕ್ಟೇರ್‌ಗೆ 9 ಕೋಟಿ ರುಪಿಯಾ ಹುಟ್ಟುವಳಿ ತಪ್ಪುತ್ತದೆ. ಗೊಬ್ಬರ, ಕೊಯ್ಲು, ಸಾಗಾಟಕ್ಕೆ ಅರ್ಧ ಕಳೆದರೂ ಮನೆಗೆ ಬರಬೇಕಿದ್ದ 4.5 ಕೋಟಿ ರುಪಿಯಾ (2.37 ಲಕ್ಷ ರೂಪಾಯಿ) ಇಲ್ಲ. ಸಹಾಯಧನ ಸಸಿಗೆ, ಯಂತ್ರಕ್ಕೆ, ಗೊಬ್ಬರಕ್ಕೆ ಸರಿಹೋಗುತ್ತದೆ. ಎರಡು ಹೆಕ್ಟೇರನ್ನೂ ಒಟ್ಟಿಗೆ ಕಡಿದ ಮನೆ ಮೂರು ವರ್ಷ ಏನು ಉಣ್ಣಬೇಕು? 2022ರ ಏಪ್ರಿಲ್ 28ರಿಂದ ಮೇ 23ರವರೆಗೆ ಸರ್ಕಾರ ತಾಳೆ ಎಣ್ಣೆ ರಫ್ತು ನಿಲ್ಲಿಸಿದಾಗ, ಒಂದು ತಿಂಗಳೂ ತುಂಬದ ಆ ಅವಧಿಯಲ್ಲೇ ಗೊನೆಯ ಬೆಲೆ ಕುಸಿದು ಸಣ್ಣ ರೈತರು ಕಂಗಾಲಾಗಿದ್ದರು.

ಆ ನಿಷೇಧದ ಬಿಸಿ ನಮ್ಮ ಅಡುಗೆಮನೆಗಳಿಗೂ ತಟ್ಟಿತ್ತು. 2023-24ರಲ್ಲಿ ಭಾರತ ಸುಮಾರು 90 ಲಕ್ಷ ಟನ್ ತಾಳೆ ಎಣ್ಣೆ ತರಿಸಿಕೊಂಡಿತು, ಅದರಲ್ಲಿ ದೊಡ್ಡ ಪಾಲು ಇಂಡೊನೇಷ್ಯಾದ್ದು. ಮಂಗಳೂರಿನ ಪಣಂಬೂರು ಬಂದರಿನಲ್ಲಿ ಇಳಿಯುವ ಕಚ್ಚಾ ಎಣ್ಣೆ ಅಲ್ಲೇ ಸುತ್ತಮುತ್ತಲಿನ ಕಾರ್ಖಾನೆಗಳಲ್ಲಿ ಶುದ್ಧವಾಗಿ ಬೇಕರಿಗೂ ಹೋಟೆಲಿನ ಬಾಣಲೆಗೂ ಹೋಗುತ್ತದೆ. ಒಂದು ಲೀಟರ್ ಪ್ಯಾಕೆಟ್‌ನಲ್ಲಿ 910 ಗ್ರಾಂ ಎಣ್ಣೆ. ಅದು ಬಸಿದ ಪೀಟ್ ತೋಟದ್ದಾದರೆ, ಮಣ್ಣಿನಿಂದ ಮಾತ್ರ ಹೊರಟ ಅನಿಲ 9ರಿಂದ 15 ಕಿಲೋ.

ಈಗ ಆ ಮೂರು ವರ್ಷದ ಅನ್ನದ ಲೆಕ್ಕವನ್ನು ಎಣ್ಣೆಯ ಮೇಲೆ ಹಾಕಿ ನೋಡೋಣ. ಹೊಸದಾಗಿ ನೆಟ್ಟ ತೋಟ ಮುಂದಿನ 22 ವರ್ಷ ಸರಾಸರಿ 20 ಟನ್ ಗೊನೆ ಕೊಟ್ಟರೆ, ವರ್ಷಕ್ಕೆ 4 ಟನ್‌ನಂತೆ ಒಟ್ಟು 88 ಟನ್ ಎಣ್ಣೆ. ರೈತನ ಮನೆ ಕಳೆದುಕೊಳ್ಳುವ 4.5 ಕೋಟಿ ರುಪಿಯಾವನ್ನು ಅಷ್ಟೂ ಎಣ್ಣೆಗೆ ಹಂಚಿದರೆ ಕಿಲೋಗೆ 511 ರುಪಿಯಾ ಬೀಳುತ್ತದೆ, ಬಡ್ಡಿ ಬಿಟ್ಟು. ಒಂದು ಲೀಟರ್ ಪ್ಯಾಕೆಟ್‌ಗೆ ನಮ್ಮ ದುಡ್ಡಿನಲ್ಲಿ ಎರಡೂವರೆ ರೂಪಾಯಿಯೂ ಆಗುವುದಿಲ್ಲ.