ವೈದ್ಯರಾಗುವವರಿಗೆ ಹವ್ಯಾಸವೇಕೆ?

‘ಡಾಕ್ಟರಾಗಬೇಕಾದ ಹುಡುಗನಿಗೆ ಕೊಳಲು ಯಾಕೆ?’ ಎನ್ನುವ ತಂದೆತಾಯಿಯರುಂಟು. ನಮ್ಮಲ್ಲಿ ಎಂ.ಬಿ.ಬಿ.ಎಸ್. ಸೀಟಿಗೆ ನೀಟ್ ಅಂಕವೇ ಆಧಾರವಾದ್ದರಿಂದ ಈ ಮಾತು ಸಹಜ. ಅಮೆರಿಕದಲ್ಲಿ ಕ್ರಮ ಬೇರೆ. ಅಲ್ಲಿನ ವೈದ್ಯಕೀಯ ಕಾಲೇಜುಗಳ ಸಾಮಾನ್ಯ ಅರ್ಜಿಯಲ್ಲಿ ಅಂಕಗಳ ಜೊತೆಗೆ 15 ಅನುಭವಗಳವರೆಗೆ ಬರೆಯಬಹುದು. ಹವ್ಯಾಸಕ್ಕೂ ಅಲ್ಲಿ ಜಾಗವಿದೆ.

ಕಾರಣ ಸರಳ. ತಾಳ್ಮೆ, ಕೈಚಳಕ, ಸೂಕ್ಷ್ಮವಾಗಿ ನೋಡುವ ಗುಣ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಜೇನು ಸಾಕುವವರಲ್ಲಿ, ಹಕ್ಕಿ ವೀಕ್ಷಿಸುವವರಲ್ಲಿ, ಮರಗೆಲಸ ಬಲ್ಲವರಲ್ಲಿ ಅವು ಬೆಳೆಯುತ್ತವೆ. 1816ರಲ್ಲಿ ಸ್ಟೆತಾಸ್ಕೋಪ್ ಕಂಡುಹಿಡಿದ ಫ್ರಾನ್ಸಿನ ವೈದ್ಯ ಲೆನೆಕ್ ಕೊಳಲುವಾದಕರು. ಆ ಮರದ ನಳಿಗೆಗಳನ್ನು ತಾವೇ ಕಡೆದು ಮಾಡುತ್ತಿದ್ದರು. ವರ್ಣಚಿತ್ರಗಳನ್ನು ಗಮನವಿಟ್ಟು ನೋಡಿ ವಿವರಿಸಲು ಕಲಿತ ವಿದ್ಯಾರ್ಥಿಗಳು ರೋಗಿಗಳ ಚಿತ್ರಗಳಲ್ಲಿಯೂ ಹೆಚ್ಚು ವಿವರ ಗುರುತಿಸಿದರೆಂದು ಯೇಲ್ ವಿಶ್ವವಿದ್ಯಾಲಯದ 2001ರ ಅಧ್ಯಯನ ತಿಳಿಸಿತು.

ಆದರೆ ಅರ್ಜಿಗೆಂದೇ ಹಚ್ಚಿಕೊಂಡ ಹವ್ಯಾಸ ಸಂದರ್ಶನದ ನಾಲ್ಕು ಪ್ರಶ್ನೆಗಳಲ್ಲೇ ಬಯಲಾದೀತು. ಹವ್ಯಾಸ ಅಪರೂಪದ್ದೇ ಆಗಬೇಕಿಲ್ಲ, ವರ್ಷಗಟ್ಟಲೆ ಪ್ರೀತಿಯಿಂದ ಮಾಡಿದ್ದಾಗಿರಬೇಕು. ಅದು ಅಂಕಕ್ಕಾಗಲಿ, ರೋಗಿಗಳ ನಡುವೆ ಮಾಡಿದ ಸೇವೆಗಾಗಲಿ ಬದಲಿಯಲ್ಲ.

ನಮ್ಮ ಮಕ್ಕಳಿಗೆ ಇದರಿಂದ ಅಂಕ ಸಿಗದು, ನಿಜ. ಆದರೂ ದಿನಕ್ಕೆ ಅರ್ಧ ಗಂಟೆ ಬಿಡುವು ಕೊಡಿ. ದಣಿದ ಮನಸ್ಸು ಹಗುರಾಗುತ್ತದೆ. ಸೀಟು ಕೈತಪ್ಪಿದರೂ ಕೊಳಲು ಕೈಯಲ್ಲಿರುತ್ತದೆ.